ಬಲೆ ಸಿಕ್ಕುವ ಜಾಗ

ಕಳೆದ ಬೇಸಿಗೆಯಲ್ಲಿ ಅಮೆರಿಕದಿಂದ ಫೋನ್ ಮಾಡಿದ ಮಗ, "ಅಮ್ಮಾ, ಈ ಭಾನುವಾರ ಮೀನು ಹಿಡಿಯೋಕೆ ಹೋಗಿದ್ದೆ" ಎಂದ. ನನಗೆ ನಗು ಬಂತು. ಹೊಸಪೇಟೆಯಲ್ಲಿ ಹುಟ್ಟಿ, ಡ್ಯಾಮಿನ ಮಗ್ಗುಲಲ್ಲೇ ಬೆಳೆದರೂ ಒಂದು ದಿನವೂ ಗಾಳ ಮುಟ್ಟಿದವನಲ್ಲ ಅವನು.

ಅವನು ಹೋಗಿದ್ದು ಈರಿ ಎಂಬ ಸರೋವರಕ್ಕೆ. ದಡ ಕಾಣದಷ್ಟು ನಡುನೀರಿಗೆ ಹೋಗಿ, ಮೋಟಾರು ದೋಣಿಯನ್ನು ನಿಧಾನವಾಗಿ ಓಡಿಸುತ್ತ, ಹಿಂದೆ ಉದ್ದನೆಯ ದಾರಗಳಿಗೆ ಹುಸಿಮೀನು ಕಟ್ಟಿ ಎಳೆದುಕೊಂಡು ಹೋಗುವುದಂತೆ. ವಾಲೈ ಎಂಬ ಮೀನು ಅದನ್ನು ನಿಜವಾದ ಮೀನೆಂದು ನಂಬಿ ಬಾಯಿ ಹಾಕುತ್ತದೆ. ಆ ಮೀನಿನ ಕಣ್ಣು ಕತ್ತಲಲ್ಲಿ ಬೆಕ್ಕಿನ ಕಣ್ಣಿನ ಹಾಗೆ ಹೊಳೆಯುತ್ತದಂತೆ. ದೋಣಿಯಲ್ಲಿರುವ ಒಂದು ಯಂತ್ರ ನೀರಿನ ಆಳವೆಷ್ಟು, ತಳ ಹೇಗಿದೆ, ಮೀನಿನ ಹಿಂಡು ಎಲ್ಲಿದೆ ಎಂದು ತೋರಿಸಿಬಿಡುತ್ತದಂತೆ.

"ನಮ್ಮ ಡ್ಯಾಮಿನಲ್ಲೂ ಅಷ್ಟೊಂದು ನೀರಿದೆ. ಅಲ್ಲಿ ಯಾಕಮ್ಮ ಹೀಗೆ ಹಿಡಿಯೋದಿಲ್ಲ?" ಎಂದು ಕೇಳಿದ.

"ನಮ್ಮ ಹರಿಗೋಲು ಎಲ್ಲಿ ನೆಟ್ಟಗೆ ಹೋಗ್ತದಪ್ಪ, ದಾರ ಎಳೆಯೋಕೆ?" ಎಂದೆ. ಮಾತು ಅಲ್ಲಿಗೆ ಮುಗಿಯಿತು. ಆದರೆ ತಳ ತೋರಿಸುವ ಯಂತ್ರ ನನ್ನ ತಲೆಯಲ್ಲೇ ಉಳಿಯಿತು. ನಮ್ಮ ಅತ್ತೆಯ ನೆನಪಾಯಿತು.

ಹರಿಗೋಲಿನ ವಿಷಯ ನಾನು ಸುಮ್ಮನೆ ಹೇಳಿದ್ದಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಕಡೆಗೆ ಜನ ಬುಟ್ಟಿಯಂಥ ದುಂಡು ದೋಣಿಗಳಲ್ಲಿ ಹೊಳೆ ದಾಟುವುದನ್ನು ಕಂಡು ಬರೆದಿಟ್ಟಿದ್ದಾನೆ. ಒಳಗೆ ಬೆತ್ತ, ಹೊರಗೆ ತೊಗಲು. ಹದಿನೈದಿಪ್ಪತ್ತು ಜನ ಕೂರಬಹುದು, ಕುದುರೆ ಎತ್ತುಗಳನ್ನೂ ದಾಟಿಸಬಹುದು. ಆದರೆ ದೋಣಿ ಗಿರಗಿರನೆ ತಿರುಗುತ್ತಲೇ ಸಾಗುತ್ತದೆ ಎಂದಿದ್ದಾನೆ. ಇಂದಿಗೂ ಹಂಪಿಯಲ್ಲಿ ಕೂತು ನೋಡಿ, ಹಾಗೆಯೇ ತಿರುಗುತ್ತದೆ. ತೊಗಲಿನ ಬದಲು ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ, ಅಷ್ಟೆ. ಇಂಥ ದೋಣಿಯ ಹಿಂದೆ ದಾರ ಬಿಟ್ಟರೆ ಅದು ನಮ್ಮನ್ನೇ ಸುತ್ತಿಕೊಂಡೀತು! ಅದಕ್ಕೇ ನಮ್ಮವರು ಮೀನಿನ ಹಿಂದೆ ಹೋಗುವುದಿಲ್ಲ. ಸಂಜೆ ನಡುನೀರಿನಲ್ಲಿ ಬಲೆಯನ್ನು ಗೋಡೆಯ ಹಾಗೆ ಇಳಿಬಿಟ್ಟು ಬರುತ್ತಾರೆ. ರಾತ್ರಿ ಓಡಾಡುವ ಮೀನು ತಲೆ ತೂರಿಸಿ ಕಿವಿರಿಗೆ ಸಿಕ್ಕಿಕೊಳ್ಳುತ್ತದೆ. ಬೆಳಗಿನ ಜಾವ ಹೋಗಿ ಎತ್ತುತ್ತಾರೆ.

ಗಾಳ ನಮಗೆ ಗೊತ್ತಿರಲಿಲ್ಲವೆಂದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಮೀನಿನ ಜಾತಿಗಳು, ಅವಕ್ಕೆ ಹಾಕುವ ಮೇವು, ಗಾಳದ ಕೋಲು, ದಾರ ಎಲ್ಲವನ್ನೂ ವಿವರಿಸಿದ್ದಾನೆ. ದೊರೆಗೆ ಅದು ವಿನೋದ. ನಮ್ಮ ಹೊಳೆದಂಡೆಯ ಬೆಸ್ತರಿಗೆ, ಅಂಬಿಗರಿಗೆ ಅದು ಅನ್ನ.

ಅವರ ಅನ್ನದ ದಾರಿ ಬದಲಾದದ್ದು ಡ್ಯಾಮಿನಿಂದ. 1945ರ ಫೆಬ್ರವರಿ 28ರಂದು ಮದ್ರಾಸಿನವರೂ ಹೈದರಾಬಾದಿನವರೂ ಅಡಿಗಲ್ಲು ಹಾಕಿದರು. ಸ್ವಾತಂತ್ರ್ಯ ಬಂತು, ನಿಜಾಮರ ಆಳ್ವಿಕೆ ಹೋಯಿತು, ಕಟ್ಟಡದ ಕೆಲಸ ಮಾತ್ರ ನಡೆದೇ ಇತ್ತು. 1953ರ ಜುಲೈ 1ರಂದು ಕಾಲುವೆಗೆ ನೀರು ಹರಿಯಿತು. ಅದೇ ವರ್ಷ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಸಂಡೂರಿನ ಗುಡ್ಡಸಾಲಿನ ಈಚೆ, ತುಂಬಿದಾಗ ಸುಮಾರು 378 ಚದರ ಕಿಲೋಮೀಟರ್ ಹರಡುವ ನೀರು ನಿಂತಿತು. ಕಂಪ್ಲಿಯ ಕಡೆ ಗದ್ದೆ ಹಸಿರಾಯಿತು. ಮೊಣಕಾಲುದ್ದದ ಮಡುಗಳಲ್ಲಿ ಬಲೆ ಬೀಸುತ್ತಿದ್ದವರು ಆಳದ ನೀರನ್ನು ಹೊಸದಾಗಿ ಕಲಿಯಬೇಕಾಯಿತು. ನೂಲಿನ ಬಲೆ ಹೋಗಿ ನೈಲಾನ್ ಬಲೆ ಬಂತು. ಗಂಗೆಯ ಬಯಲಿನ ಕಾಟ್ಲಾ, ರೋಹು ಮರಿಗಳನ್ನು ತಂದು ಬಿಟ್ಟರು.

ಆ ನೀರಿನಡಿ ಹೋದ ಊರುಗಳಲ್ಲಿ ನಾರಾಯಣದೇವರಕೆರೆಯೂ ಒಂದು. ಅಲ್ಲಿನ ಜನ ಮರಿಯಮ್ಮನಹಳ್ಳಿಗೆ ಬಂದರು, ದೇವರನ್ನೂ ಕರೆತಂದರು. ನಮ್ಮ ಅತ್ತೆಯ ತವರು ಅದೇ ಊರು.

ನಾನು ಈ ಮನೆಗೆ ಸೊಸೆಯಾಗಿ ಬಂದದ್ದು 1974ರಲ್ಲಿ. ಮನೆಯಲ್ಲಿ ಎಲ್ಲರೂ ಮೀನು ತಿನ್ನುವವರೇ, ಅತ್ತೆ ಮಾತ್ರ ಮುಟ್ಟುತ್ತಿರಲಿಲ್ಲ. ವ್ರತವಿರಬೇಕೆಂದುಕೊಂಡಿದ್ದೆ. ಒಂದು ದಿನ ಕೇಳಿಯೇಬಿಟ್ಟೆ.

"ಆ ನೀರಿನ ಮೀನು ನಂಗೆ ಬ್ಯಾಡವ್ವ. ನಮ್ಮನಿ ಅಂಗಳದಾಗ ಆಡಿದ ಮೀನು ಅದು" ಎಂದರು. ನಾನು ಮತ್ತೆ ಕೇಳಲಿಲ್ಲ.

ನಮಗೆ ಮೀನು ತರುತ್ತಿದ್ದಾಕೆ ಡ್ಯಾಮಿನ ದಡದವಳು. ಗಂಡ ಹಿಡಿದದ್ದನ್ನು ಬುಟ್ಟಿಯಲ್ಲಿಟ್ಟು ಏಳು ಗಂಟೆಗೆಲ್ಲ ಬಾಗಿಲಿಗೆ ಬರುತ್ತಿದ್ದಳು. ಒಂದು ಬೆಳಿಗ್ಗೆ ದೊಡ್ಡ ಬಾಳೆಮೀನು ತಂದಿದ್ದಳು. ಹುರುಪೆಯಿಲ್ಲದ ಜಾರುವ ಮೈ, ಸೀಳಿದಂಥ ಬಾಯಿ. ನಾನು ಬೂದಿ ಹಚ್ಚಿ ಉಜ್ಜುತ್ತಿದ್ದೆ. ಅವಳು ಕಟ್ಟೆಯ ಮೇಲೆ ಕೂತು, "ರಾತ್ರಿ ಬಲೆ ಹರೀತು ಕಣಮ್ಮ. ಹಳೇ ಊರಿನ ಗುಡಿ ಹತ್ರ ಸಿಕ್ಕಾಕ್ಕೊಂತು" ಎಂದಳು.

ಒಳಗಿದ್ದ ಅತ್ತೆ ಹೊರಗೆ ಬಂದರು. "ಯಾವ ಗುಡೀ?"

ಅಂದಿನಿಂದ ದಿನವೂ ವಿಚಾರಣೆ. ನಿನ್ನೆ ಬಲೆ ಎಲ್ಲಿ ಬಿಟ್ಟರು, ಎಲ್ಲಿ ಸಿಕ್ಕಿತು? ಗುಡಿಯ ಕಂಬದ ಹತ್ತಿರ ಬಿಡುವಂತಿಲ್ಲ. ಅದರಾಚೆ ಮರದ ಬೊಡ್ಡೆಗಳಿವೆ, ಅಲ್ಲಿ ಎರಡು ಬಲೆ ಹೋಗಿವೆ. "ಅದು ಹುಣಸಿ ತೋಪು" ಎನ್ನುತ್ತಿದ್ದರು ಅತ್ತೆ. ಇನ್ನೊಂದು ಕಡೆ ಕಲ್ಲಿನ ಸಾಲು. "ಬಾವಿ ಕಟ್ಟಿ ಇರಬೇಕು, ನಾವು ನೀರು ಸೇದ್ತಿದ್ವಿ." ದಡದ ಗುಡ್ಡಗಳನ್ನು ಗುರುತು ಹಿಡಿದು ಆ ಮೀನುಗಾರ ಕತ್ತಲಲ್ಲೂ ಈ ಜಾಗಗಳನ್ನು ತಪ್ಪಿಸುತ್ತಿದ್ದನಂತೆ. ಮುಳುಗಿದ ಊರಿನ ನಕ್ಷೆ ಉಳಿದದ್ದು ಅವನ ತಲೆಯಲ್ಲಿ. ಬಲೆ ಕಳೆದುಕೊಂಡು ಕಲಿತ ನಕ್ಷೆ. ಅತ್ತೆ ಅದಕ್ಕೆ ಒಂದೊಂದಾಗಿ ಹೆಸರು ಕೊಟ್ಟರು. ನಾನು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದಿಟ್ಟೆ.

ಮಳೆ ಕೈಕೊಟ್ಟ ಒಂದು ವರ್ಷ ಬೇಸಿಗೆಯಲ್ಲಿ ನೀರು ಬಹಳ ಇಳಿಯಿತು. ಗುಡಿಯ ಕಲ್ಲು ಕಾಣುತ್ತಿದೆಯೆಂದು ಆಕೆಯೇ ಬಂದು ಹೇಳಿದಳು. ಅತ್ತೆಯನ್ನು ಕರೆದುಕೊಂಡು ಹೋದೆ. ಆಕೆಯ ಗಂಡ ಹರಿಗೋಲಿನಲ್ಲಿ ಕೂರಿಸಿಕೊಂಡು ಹುಟ್ಟು ಹಾಕಿದ. ದೋಣಿ ತಿರುಗುತ್ತ ತಿರುಗುತ್ತ ಹೋಯಿತು. ಅತ್ತೆ ಗುಡಿಯ ಮೆಟ್ಟಿಲಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡರು. ಬಾವಿಯ ಕಡೆ ಬರೀ ಕೆಸರು. ಬಹಳ ಹೊತ್ತು ಅತ್ತ ನೋಡುತ್ತ ನಿಂತರು, ಏನೂ ಮಾತಾಡಲಿಲ್ಲ.

ಅಂದು ಸಂಜೆ ಮೀನಿನ ಸಾರು ತಾವೇ ಮಾಡಿದರು. ಎಲ್ಲರಿಗೂ ಬಡಿಸಿ, ತಾವೂ ಹಾಕಿಕೊಂಡರು. ಉಪ್ಪು ಸ್ವಲ್ಪ ಹೆಚ್ಚಾಗಿತ್ತು. ಯಾರೂ ಹೇಳಲಿಲ್ಲ.

ಈಗ ಅತ್ತೆಯಿಲ್ಲ. ಆ ಮೀನುಗಾರನೂ ಇಲ್ಲ. ಅವನ ಮಗ ಆಟೋ ಓಡಿಸುತ್ತಾನೆ. ಡ್ಯಾಮಿನಲ್ಲಿ ಹೂಳು ತುಂಬಿ, ಮೊದಲು 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ 105ರ ಆಸುಪಾಸಿಗೆ ಬಂದಿದೆ. ತೋಪಿನ ಬೊಡ್ಡೆಗಳೂ ಬಾವಿಯ ಕಟ್ಟೆಯೂ ಆ ಹೂಳಿನಡಿ ಸೇರಿರಬೇಕು. ಇನ್ನು ಬಲೆ ಸಿಕ್ಕಲಾರದು.

ಮುಂದಿನ ವಾರ ಮಗನಿಗೆ ಇದೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜಿ ಊರು ಅಲ್ಲಿತ್ತು ಅಂತ ನನಗೆ ಯಾಕಮ್ಮ ಹೇಳಲೇ ಇಲ್ಲ?" ಎಂದ.

"ನೀನು ಮೀನಿನ ವಿಷಯ ಇವತ್ತಿನ ತನಕ ಕೇಳಿದ್ದೆಯೇನೋ?" ಎಂದೆ. ಫೋನಿಟ್ಟ ಮೇಲೆ ಅಟ್ಟದಿಂದ ಹಾಲಿನ ಲೆಕ್ಕದ ಪುಸ್ತಕ ಇಳಿಸಿದೆ. ಶಾಯಿ ಮಾಸಿದೆ, ಆದರೂ ಓದಲು ಬರುತ್ತದೆ. ಬಂದಾಗ ಅವನ ಕೈಗೆ ಕೊಡಬೇಕು.