ನಿಯ್ಯತ್ತಿನಿಂದ ಇಕಾಮದವರೆಗೆ: ಮಕ್ಕಾದಲ್ಲಿ ನೆಲೆಸಿದ ಜಾವಿಗಳು

ಹಜ್ಜ್ ಮುಗಿಸಿ ಬಂದವರೊಡನೆ ಮಾತಿಗೆ ಕುಳಿತರೆ ಇಂಡೋನೇಷ್ಯಾದ ಯಾತ್ರಿಕರ ಪ್ರಸ್ತಾಪ ಬಂದೇ ಬರುತ್ತದೆ. ಸಾಲು ತಪ್ಪದೆ, ಗದ್ದಲವಿಲ್ಲದೆ ಗುಂಪಾಗಿ ಸಾಗುವ ಅವರ ಶಿಸ್ತನ್ನು ನಾವೆಲ್ಲ ಮೆಚ್ಚುತ್ತೇವೆ. ಜಗತ್ತಿನಲ್ಲಿ ಅತಿ ಹೆಚ್ಚು ಹಜ್ಜ್ ಯಾತ್ರಿಕರನ್ನು ಕಳುಹಿಸುವ ದೇಶ ಅದು. ಆದರೆ ಆ ನಾಡಿನವರು ಮಕ್ಕಾಕ್ಕೆ ಬಂದು ಹೋದವರು ಮಾತ್ರವಲ್ಲ, ಶತಮಾನಗಳಿಂದ ಅಲ್ಲಿ ಮನೆ ಮಾಡಿ ಬದುಕಿದವರೂ ಹೌದು. ಪರದೇಶದಲ್ಲಿ ನೆಲೆಸುವ ಹಕ್ಕನ್ನು ಅವರು ಹೇಗೆ ಪಡೆದರು, ಹೇಗೆ ಕಳೆದುಕೊಂಡರು ಎಂಬ ಚರಿತ್ರೆಯಲ್ಲಿ ಗಲ್ಫ್‌ನೊಂದಿಗೆ ಬದುಕು ಹೆಣೆದುಕೊಂಡ ನಮ್ಮ ಕುಟುಂಬಗಳಿಗೂ ಪಾಠವಿದೆ.

ಮೊದಲು ಒಂದು ಪದವನ್ನು ನೋಡೋಣ. ಮಕ್ಕಾದಲ್ಲಿ ಉಳಿದುಕೊಂಡವರನ್ನು ಇಂಡೋನೇಷ್ಯಾದವರು ಇಂದಿಗೂ 'ಮುಕೀಮ್' ಎನ್ನುತ್ತಾರೆ. ನಮಾಝಿಗೆ ಮುಂಚೆ ಕೊಡುವ ಇಕಾಮತ್, ಗಲ್ಫ್‌ನಲ್ಲಿರುವ ನಮ್ಮ ಮಕ್ಕಳ ಜೇಬಿನಲ್ಲಿರುವ ಇಕಾಮ ಕಾರ್ಡ್, ಈ ಮುಕೀಮ್ ಮೂರೂ ಒಂದೇ ಅರಬಿ ಧಾತುವಿನಿಂದ ಬಂದವು. ಫಿಕ್ಹ್‌ನ ಪ್ರಕಾರ ಮುಸಾಫಿರನು ಮುಕೀಮನಾಗಲು ನಿಯ್ಯತ್ತು ಸಾಕು. ಶಾಫಿಈ ಮದ್‌ಹಬ್‌ನಲ್ಲಿ 4 ದಿನ, ಹನಫಿ ಮದ್‌ಹಬ್‌ನಲ್ಲಿ 15 ದಿನ ಒಂದು ಊರಲ್ಲಿ ತಂಗುವ ನಿಯ್ಯತ್ತು ಮಾಡಿದರೆ ಕಸ್ರ್ ನಿಂತು ಪೂರ್ಣ ನಮಾಝ್ ಕಡ್ಡಾಯವಾಗುತ್ತದೆ. ಅಲ್ಲಿ ಮೊಹರು ಇಲ್ಲ, ಶುಲ್ಕ ಇಲ್ಲ. ಸರಕಾರಗಳ ಲೆಕ್ಕದಲ್ಲಿ ಮಾತ್ರ ನಿಯ್ಯತ್ತಿಗೆ ಬೆಲೆಯಿಲ್ಲ, ಕಾಗದ ಬೇಕು. ನಿಯ್ಯತ್ತಿನಿಂದ ಕಾಗದದವರೆಗಿನ ಈ ದಾರಿಯನ್ನು ಇಂಡೋನೇಷ್ಯಾದವರು ಸುಮಾರು ಎರಡು ಶತಮಾನಗಳಲ್ಲಿ ನಡೆದು ಮುಗಿಸಿದರು.

ಹಿಂದೆ ಆಗ್ನೇಯ ಏಷ್ಯಾದಿಂದ ಬಂದ ಎಲ್ಲ ಮುಸ್ಲಿಮರನ್ನೂ ಮಕ್ಕಾದವರು 'ಜಾವಾ' ಅಥವಾ 'ಜಾವಿ' ಎಂದೇ ಕರೆಯುತ್ತಿದ್ದರು. ಸುಮಾತ್ರಾದವರಿರಲಿ, ಬೋರ್ನಿಯೋದವರಿರಲಿ, ಮಲಯದವರಿರಲಿ, ಹೆಸರು ಒಂದೇ. ಹಾಯಿಹಡಗಿನ ಕಾಲದಲ್ಲಿ ಹೋಗಿ ಬರಲು ತಿಂಗಳುಗಟ್ಟಲೆ ಬೇಕಿತ್ತು. ಅಷ್ಟು ದೂರ ಬಂದವರಲ್ಲಿ ಕೆಲವರು ಒಂದೆರಡು ವರ್ಷ ಓದಿ ಹೋಗೋಣ ಎಂದು ನಿಂತರು. ಕೆಲವರು ಕೊನೆಯುಸಿರು ಹರಮ್‌ನ ಮಣ್ಣಿನಲ್ಲೇ ಆಗಲಿ ಎಂದು ಉಳಿದರು. ಇಂಥವರಿಗೆ ಅರಬಿಯಲ್ಲಿ 'ಮುಜಾವಿರ್', ಅಂದರೆ ಅಲ್ಲಾಹನ ಭವನದ ನೆರೆಯವರು ಎಂಬ ಹೆಸರಿತ್ತು. ನಮ್ಮಲ್ಲಿ ದರ್ಗಾ ನೋಡಿಕೊಳ್ಳುವವರಿಗೆ ಹೇಳುವ ಮುಜಾವರ್ ಎಂಬ ಪದವೂ ಇದೇ. ಮಸ್ಜಿದುಲ್ ಹರಾಮ್‌ನ ವಿಷಯದಲ್ಲಿ ಅಲ್ಲಿಯ ನಿವಾಸಿಗೂ ಹೊರಗಿನಿಂದ ಬಂದವನಿಗೂ ಸಮಾನ ಹಕ್ಕಿದೆ ಎಂಬ ಅರ್ಥದ ಮಾತು ಸೂರಃ ಅಲ್ ಹಜ್ಜ್‌ನ 25ನೇ ಸೂಕ್ತದಲ್ಲಿದೆ.

ಆದರೂ ಹೊಟ್ಟೆಗೆ ಅನ್ನ, ತಲೆಯ ಮೇಲೆ ಸೂರು ಬೇಡವೇ? ಇದಕ್ಕೆ ದಾರಿ ಮಾಡಿದ್ದು ವಕ್ಫ್. ಸುಮಾತ್ರಾದ ಉತ್ತರ ತುದಿಯ ಅಚೆ ಪ್ರಾಂತ್ಯದ ಹಬೀಬ್ ಬುಗಾಕ್ ಎಂಬವರು ಹಿಜರಿ 1224ರಲ್ಲಿ, ಅಂದರೆ 1809ರಲ್ಲಿ, ಹರಮ್‌ನ ಸಮೀಪ ಒಂದು ಮನೆಯನ್ನು ವಕ್ಫ್ ಮಾಡಿದರು. 'ಬೈತುಲ್ ಆಶಿ', ಅಂದರೆ ಅಚೆಯವರ ಮನೆ ಎಂದು ಅದರ ಹೆಸರು. ಅದರ ಷರತ್ತುಗಳನ್ನು ಗಮನಿಸಿ. ಮೊದಲ ಹಕ್ಕು ಅಚೆಯಿಂದ ಬರುವ ಹಜ್ಜ್ ಯಾತ್ರಿಕರಿಗೆ ಮತ್ತು ಮಕ್ಕಾದಲ್ಲಿ ನೆಲೆಸಿದ ಅಚೆಯವರಿಗೆ. ಅವರಿಲ್ಲದಿದ್ದರೆ ಜಾವಿ ವಿದ್ಯಾರ್ಥಿಗಳಿಗೆ. ಅವರೂ ಇಲ್ಲದಿದ್ದರೆ ಮಕ್ಕಾದ ವಿದ್ಯಾರ್ಥಿಗಳಿಗೆ. ಹರಮ್‌ನ ವಿಸ್ತರಣೆಯಲ್ಲಿ ಆ ಹಳೆಯ ಮನೆ ಹೋಯಿತು, ಆದರೆ ವಕ್ಫ್ ಹೋಗಲಿಲ್ಲ. ಪರಿಹಾರದ ಹಣದಿಂದ ಬೇರೆ ಆಸ್ತಿಗಳು ಬಂದವು. ಇಂದಿಗೂ ಅಚೆಯ ಹಾಜಿಗಳ ಕೈಗೆ ಆ ವಕ್ಫ್‌ನ ಪಾಲಿನ ರಿಯಾಲ್ ಸೇರುತ್ತಿದೆ. ಎರಡು ಶತಮಾನಗಳ ಹಿಂದಿನ ಒಬ್ಬ ಮನುಷ್ಯನ ಸತ್ಕರ್ಮ ಇಂದಿಗೂ ಫಲ ಕೊಡುತ್ತಿದೆ.

ಇತ್ತ ಊರಿನಲ್ಲಿ ಕಾಗದದ ಕಾಲ ಶುರುವಾಗಿತ್ತು. ಜಾವಾವನ್ನು ಆಳುತ್ತಿದ್ದ ಡಚ್ಚರಿಗೆ ಹಾಜಿಗಳೆಂದರೆ ಅನುಮಾನ. ಮಕ್ಕಾದಿಂದ ಮರಳಿದವರು ಜನರನ್ನು ಬಂಡಾಯಕ್ಕೆ ಎಬ್ಬಿಸುತ್ತಾರೆ ಎಂಬ ಭಯ. 1825ರಲ್ಲಿ ಅವರು ಹಜ್ಜ್‌ಗೆ ಹೋಗುವವರು ಪಾಸ್ ಪಡೆಯಲೇಬೇಕು, ಅದಕ್ಕೆ 110 ಗಿಲ್ಡರ್ ಕಟ್ಟಬೇಕು ಎಂದು ಕಾನೂನು ಮಾಡಿದರು. ಬಡ ರೈತನಿಗೆ ಅದು ಎಟುಕದ ಮೊತ್ತ. 1852ರಲ್ಲಿ ಶುಲ್ಕ ತೆಗೆದರು, ಆದರೆ ಪಾಸ್ ಉಳಿಯಿತು. 1859ರ ನಿಯಮದಂತೆ ಪ್ರಯಾಣಕ್ಕೂ ಮನೆಯಲ್ಲಿ ಉಳಿಯುವವರ ಖರ್ಚಿಗೂ ಹಣವಿದೆಯೆಂದು ತೋರಿಸಬೇಕಿತ್ತು. ಮರಳಿದ ಮೇಲೆ ನಿಜವಾಗಿ ಮಕ್ಕಾ ನೋಡಿದ್ದಾರೆಯೇ ಎಂದು ಅಧಿಕಾರಿಗಳು ಪರೀಕ್ಷೆ ನಡೆಸುತ್ತಿದ್ದರು. ತೇರ್ಗಡೆಯಾದವರು ಮಾತ್ರ ಹಾಜಿ ಎಂದು ಕರೆದುಕೊಳ್ಳಬಹುದಿತ್ತು. ಹೆಂಡತಿ ಮಕ್ಕಳ ಖರ್ಚಿಗೆ ವ್ಯವಸ್ಥೆ ಮಾಡಿಯೇ ಹಜ್ಜ್‌ಗೆ ಹೊರಡಬೇಕೆಂಬುದು ನಮ್ಮ ದೀನಿನ ನಿಯಮವೂ ಹೌದು. ಡಚ್ಚರು ಮಾತ್ರ ಅದನ್ನು ಜನರನ್ನು ತಡೆಯುವ ಬೇಲಿಯಾಗಿ ಬಳಸಿದರು.

1869ರಲ್ಲಿ ಸುಯೆಝ್ ಕಾಲುವೆ ತೆರೆಯಿತು, ಉಗಿಹಡಗುಗಳು ಹೆಚ್ಚಿದವು, ಯಾತ್ರಿಕರ ಸಂಖ್ಯೆಯೂ ಏರಿತು. 1872ರಲ್ಲಿ ಡಚ್ಚರು ಜಿದ್ದಾದಲ್ಲಿ ಕಾನ್ಸುಲೇಟ್ ತೆರೆದರು. ಇಲ್ಲಿಂದ ಮುಂದೆ ಮಕ್ಕಾದ ಜಾವಿಯು ಎರಡು ಆಡಳಿತಗಳ ಕಣ್ಣಿನಡಿ ಬಂದ. ನೆಲ ಉಸ್ಮಾನಿಯಾ ಸುಲ್ತಾನರದ್ದು, ಪಾಸ್ ಡಚ್ಚರದ್ದು. 1885ರಲ್ಲಿ ಸ್ನೌಕ್ ಹುರ್‌ಗ್ರೋನ್ಯೆ ಎಂಬ ಡಚ್ ವಿದ್ವಾಂಸ ಅಬ್ದುಲ್ ಗಫ್ಫಾರ್ ಎಂಬ ಹೆಸರಿನಲ್ಲಿ ಮಕ್ಕಾದಲ್ಲಿ ತಿಂಗಳುಗಟ್ಟಲೆ ಇದ್ದು ಜಾವಿಗಳ ಬದುಕನ್ನು ವಿವರವಾಗಿ ಬರೆದಿಟ್ಟ. ಮುಂದೆ ಅಚೆಯ ಯುದ್ಧದಲ್ಲಿ ಡಚ್ ಸರಕಾರಕ್ಕೆ ಸಲಹೆ ಕೊಟ್ಟವನೂ ಅವನೇ. ಆದರೂ ಆ ಕಾಲದ ಜಾವಿ ಸಮುದಾಯವನ್ನು ಅರಿಯಲು ಅವನ ಬರಹ ಇಂದಿಗೂ ಒಂದು ಮುಖ್ಯ ಆಧಾರ.

ಅವನು ಕಂಡವರಲ್ಲಿ ಪ್ರಮುಖರು ಶೈಖ್ ನವವಿ ಅಲ್ ಬಂತನಿ. 1813ರಲ್ಲಿ ಜಾವಾದ ಪಶ್ಚಿಮ ತುದಿಯ ಬಂತನ್ ಪ್ರಾಂತ್ಯದಲ್ಲಿ ಹುಟ್ಟಿ, 1897ರಲ್ಲಿ ಮಕ್ಕಾದಲ್ಲೇ ನಿಧನರಾಗಿ ಮಅಲಾ ಖಬರಸ್ತಾನದಲ್ಲಿ ದಫನಾದವರು. ತಮ್ಮ ಮನೆಯಲ್ಲೇ ಜಾವಿ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದರು. ಅರಬಿಯಲ್ಲಿ ಕುರ್‌ಆನ್ ವ್ಯಾಖ್ಯಾನವನ್ನೂ ಶಾಫಿಈ ಫಿಕ್ಹ್‌ನ ಹಲವು ಗ್ರಂಥಗಳನ್ನೂ ಬರೆದರು. ಇನ್ನೊಬ್ಬರು ಶೈಖ್ ಅಹ್ಮದ್ ಖತೀಬ್. 1860ರಲ್ಲಿ ಸುಮಾತ್ರಾದ ಮಿನಂಗ್‌ಕಬಾವ್ ನಾಡಿನಲ್ಲಿ ಹುಟ್ಟಿದ ಇವರು ಮಕ್ಕಾದಲ್ಲಿ ಕುರ್ದ್ ಮೂಲದ ಪುಸ್ತಕ ವ್ಯಾಪಾರಿಯೊಬ್ಬರ ಮಗಳನ್ನು ಮದುವೆಯಾಗಿ ಅಲ್ಲೇ ನೆಲೆಸಿದರು. ಕೊನೆಗೆ ಮಸ್ಜಿದುಲ್ ಹರಾಮ್‌ನಲ್ಲಿ ಶಾಫಿಈಗಳ ಇಮಾಮರೂ ಖತೀಬರೂ ಆದರು. ಮುಂದೆ ಇಂಡೋನೇಷ್ಯಾದಲ್ಲಿ 1912ರಲ್ಲಿ ಮುಹಮ್ಮದಿಯಾ ಸಂಘಟನೆ ಕಟ್ಟಿದ ಅಹ್ಮದ್ ದಹ್ಲಾನ್, 1926ರಲ್ಲಿ ನಹ್ದತುಲ್ ಉಲಮಾ ಕಟ್ಟಿದ ಹಾಶಿಮ್ ಅಶ್‌ಅರಿ ಇಬ್ಬರೂ ಅವರ ಬಳಿ ಕಲಿತವರು. ಮಕ್ಕಾದಲ್ಲಿ ಉಳಿದುಕೊಂಡ ಒಬ್ಬರು ಊರಿಗೆ ಮರಳಿದ ಸಾವಿರಾರು ಮಂದಿಯ ದಾರಿ ರೂಪಿಸಿದರು.

ಈ ಕಥೆಯಲ್ಲಿ ಭಾರತದ ಪಾಲೂ ಇದೆ. ಮೌಲಾನಾ ರಹ್ಮತುಲ್ಲಾ ಕೈರಾನವಿಯವರು 1870ರ ದಶಕದಲ್ಲಿ ಮಕ್ಕಾದಲ್ಲಿ ಸ್ಥಾಪಿಸಿದ ಸೌಲತಿಯಾ ಮದ್ರಸದಲ್ಲಿ ಅನೇಕ ಜಾವಿ ಮಕ್ಕಳು ಓದಿದರು. 1934ರಲ್ಲಿ ಅವರ ಭಾಷೆಯ ಪತ್ರಿಕೆಯೊಂದರ ವಿಷಯದಲ್ಲಿ ಅಲ್ಲಿ ಜಗಳವಾಯಿತು. ಭಾಷೆಗೆ ಅವಮಾನವಾಯಿತೆಂದು ನೊಂದ ಜಾವಿಗಳು ದಾರುಲ್ ಉಲೂಮ್ ಎಂಬ ತಮ್ಮದೇ ಮದ್ರಸ ಕಟ್ಟಿದರು. ದೀನ್ ಒಂದೇ ಆದರೂ ತಾಯಿನುಡಿಯ ಗೌರವ ಎಷ್ಟು ಸೂಕ್ಷ್ಮ ಎಂಬುದು ಕನ್ನಡದಲ್ಲಿ ಖುತ್ಬಾದ ಸಾರ ಓದುವ ನಮಗೆ ಚೆನ್ನಾಗಿ ಗೊತ್ತು.

ಕಾಗದ ಮಾತ್ರ ವರ್ಷದಿಂದ ವರ್ಷಕ್ಕೆ ಬಿಗಿಯಾಯಿತು. 1910ರ ಡಚ್ ಕಾನೂನು ಜಾವಾದ ಜನರನ್ನು ಡಚ್ ಪ್ರಜೆಗಳೆಂದಿತು, ಪೌರರೆನ್ನಲಿಲ್ಲ. ಪರದೇಶದಲ್ಲಿ ಕಾನ್ಸುಲರ ರಕ್ಷಣೆ ಇತ್ತು, ಪೌರತ್ವದ ಹಕ್ಕುಗಳು ಇರಲಿಲ್ಲ. 1922ರಿಂದ ವಾಪಸ್ ಟಿಕೆಟ್ ಇಲ್ಲದೆ ಹಡಗು ಹತ್ತುವಂತಿರಲಿಲ್ಲ. ಮಕ್ಕಾದಲ್ಲಿ ಉಳಿದುಬಿಡುವ ಬಡವರನ್ನು ತಡೆಯುವ ಉಪಾಯ ಅದು. ಎರಡನೇ ಮಹಾಯುದ್ಧದಲ್ಲಿ ಜಪಾನ್ ಜಾವಾವನ್ನು ಹಿಡಿದಾಗ ಊರಿನಿಂದ ಬರುತ್ತಿದ್ದ ಹಣ ನಿಂತು ಮಕ್ಕಾದ ಜಾವಿಗಳು ಬಹಳ ಕಷ್ಟಪಟ್ಟರು.

1945ರ ಆಗಸ್ಟ್ 17ರಂದು ಇಂಡೋನೇಷ್ಯಾ ಸ್ವಾತಂತ್ರ್ಯ ಘೋಷಿಸಿತು. 1947ರಲ್ಲಿ ಈಜಿಪ್ಟ್, ಅದರ ಹಿಂದೆಯೇ ಸೌದಿ ಅರೇಬಿಯಾ ಆ ದೇಶಕ್ಕೆ ಮಾನ್ಯತೆ ಕೊಟ್ಟವು. ಈಗ ಜಾವಿಯ ಕೈಗೆ ತನ್ನದೇ ದೇಶದ ಪಾಸ್‌ಪೋರ್ಟ್ ಬಂತು. ಆದರೆ ಅದರೊಂದಿಗೆ ಹೊಸ ಪ್ರಶ್ನೆಯೂ ಬಂತು: ನೀನು ಇಲ್ಲಿಯವನೋ, ಅಲ್ಲಿಯವನೋ? ಇಂಡೋನೇಷ್ಯಾ ವಯಸ್ಕರಿಗೆ ಎರಡು ಪೌರತ್ವ ಒಪ್ಪುವುದಿಲ್ಲ. 1954ರ ಸೌದಿ ಪೌರತ್ವ ಕಾನೂನಿನ ಬಾಗಿಲೂ ಕಿರಿದು. ಹಲವು ಹಳೆಯ ಕುಟುಂಬಗಳು ಸೌದಿಗಳಾದವು. ಫಲಿಂಬಾನ್ ಎಂಬ ಮನೆತನದ ಹೆಸರಿನಲ್ಲಿ ಸುಮಾತ್ರಾದ ಪಾಲೆಂಬಾಂಗ್ ಇದೆ, ಬಂತನ್ ಎಂಬ ಹೆಸರಿನಲ್ಲಿ ಶೈಖ್ ನವವಿಯವರ ಊರಿದೆ. ಆಯ್ಕೆ ಮಾಡಲಾಗದವರು ವರ್ಷ ವರ್ಷ ನವೀಕರಿಸುವ ಇಕಾಮದಲ್ಲಿ, ಕಫೀಲನ ಹೆಸರಿನಡಿ ಬದುಕಿದರು. 5 ವರ್ಷ ಸತತ ಹೊರದೇಶದಲ್ಲಿದ್ದು, ಪೌರನಾಗಿ ಉಳಿಯುವ ಇಚ್ಛೆಯನ್ನು ತಿಳಿಸದವರು ಪೌರತ್ವ ಕಳೆದುಕೊಳ್ಳಬಹುದೆಂದು ಇಂಡೋನೇಷ್ಯಾದ ಕಾನೂನೂ ಹೇಳುತ್ತಿತ್ತು. 2006ರ ಹೊಸ ಕಾನೂನು ಯಾರೂ ದೇಶವಿಲ್ಲದವರಾಗದಂತೆ ಇದನ್ನು ಸಡಿಲಿಸಿತು.

ಇಂದು ಹೋಗುವವರಲ್ಲಿ ಆಲಿಮರಿಗಿಂತ ಮನೆಗೆಲಸದ ಹೆಣ್ಣುಮಕ್ಕಳು, ಚಾಲಕರು ಹೆಚ್ಚು. ಉಮ್ರಾ ವೀಸಾದಲ್ಲಿ ಹೋಗಿ ಉಳಿದವರು, ಕಫೀಲನ ಹಿಂಸೆ ತಾಳದೆ ಓಡಿಹೋದವರು, ಅವರಿಗೆ ಹುಟ್ಟಿ ಯಾವ ದಾಖಲೆಯೂ ಇಲ್ಲದ ಮಕ್ಕಳು, ಇವರೆಲ್ಲರ ಗೋಳು ದೊಡ್ಡದು. 2013ರಲ್ಲಿ ಸೌದಿ ಸರಕಾರ ದಾಖಲೆ ಸರಿಪಡಿಸಿಕೊಳ್ಳಲು ಅವಕಾಶ ಕೊಟ್ಟಾಗ ಜಿದ್ದಾದ ಇಂಡೋನೇಷ್ಯಾ ಕಾನ್ಸುಲೇಟ್ ಮುಂದೆ ಸಾವಿರಾರು ಮಂದಿ ಸೇರಿದರು. ಜೂನ್‌ನಲ್ಲಿ ಅಲ್ಲಿ ಗಲಾಟೆಯಾಗಿ ಬೆಂಕಿಯೂ ಹೊತ್ತಿಕೊಂಡಿತು. ಅದೇ ವರ್ಷ ನಿತಾಖತ್‌ನ ಬಿಸಿ ನಮ್ಮ ಕರಾವಳಿಯ ಮನೆಗಳಿಗೂ ತಟ್ಟಿದ್ದನ್ನು ಓದುಗರು ಮರೆತಿರಲಾರರು. 2019ರಲ್ಲಿ ಸೌದಿ ಕಫೀಲನಿಲ್ಲದ ವಿಶೇಷ ಇಕಾಮ ತಂದಿತು. ಕಾಯಂ ಆದರೆ 8 ಲಕ್ಷ ರಿಯಾಲ್, ವರ್ಷಕ್ಕಾದರೆ 1 ಲಕ್ಷ ರಿಯಾಲ್. ಒಂದು ಕಾಲದಲ್ಲಿ 110 ಗಿಲ್ಡರ್ ಬಡವನನ್ನು ಬಾಗಿಲಲ್ಲೇ ನಿಲ್ಲಿಸಿತ್ತು. ಬಾಗಿಲು ಬದಲಾಗಿದೆ, ನಿಲ್ಲುವವರು ಅವರೇ.

ಈ ಚರಿತ್ರೆಯಿಂದ ನಾವು ಏನು ಕಲಿಯಬೇಕು? ಮೊದಲನೆಯದು, ನಿಯ್ಯತ್ತು ಎಷ್ಟೇ ಶುದ್ಧವಿದ್ದರೂ ವೀಸಾ ಒಂದು ಕರಾರು. ಕರಾರು ಪಾಲಿಸುವುದು ಮೂಮಿನನ ಲಕ್ಷಣ. ಹರಮ್‌ನ ಪ್ರೀತಿಯ ಹೆಸರಿನಲ್ಲಿ ಅವಧಿ ಮೀರಿ ಉಳಿದರೆ ಅದರ ಭಾರ ಕೊನೆಗೆ ಮಕ್ಕಳ ಮೇಲೆ ಬೀಳುತ್ತದೆ. ಮಗು ಹುಟ್ಟಿದ ಕೂಡಲೇ ಜನನ ನೋಂದಣಿ, ಪಾಸ್‌ಪೋರ್ಟ್ ಮಾಡಿಸುವುದು ಅಕೀಕಾದಷ್ಟೇ ಮರೆಯಬಾರದ ಕೆಲಸ. ಎರಡನೆಯದು, ಕಾಗದ ಇರುವವನು ಇಲ್ಲದವನನ್ನು ತುಚ್ಛವಾಗಿ ಕಾಣಬಾರದು. ಕೂಲಿಯನ್ನು ತಡೆಹಿಡಿಯುವ ಕಫೀಲನೂ ಕರಾರು ಮುರಿದವನೇ. ಮೂರನೆಯದು, ಪರದೇಶದಲ್ಲಿ ನಮ್ಮ ಹೆಸರು ಉಳಿಯುವುದು ಇಕಾಮದ ಅವಧಿಯಿಂದಲ್ಲ. ಶೈಖ್ ನವವಿ ಪಾಠದಿಂದ ಉಳಿದರು, ಹಬೀಬ್ ಬುಗಾಕ್ ಒಂದು ಮನೆಯಿಂದ ಉಳಿದರು. ತಾನು ನೆಲೆಸಿದ ಊರಲ್ಲಿ ಮುಂದೆ ಬರುವವನಿಗೊಂದು ಜಾಗ ಮಾಡಿಟ್ಟವನೇ ನಿಜವಾದ ಮುಕೀಮ್.

ದೂರದ ನಾಡುಗಳಲ್ಲಿ ದುಡಿಯುತ್ತಿರುವ ನಮ್ಮ ಸಹೋದರ ಸಹೋದರಿಯರ ದಾರಿಯನ್ನು ಅಲ್ಲಾಹನು ಸುಗಮಗೊಳಿಸಲಿ. ಆಮೀನ್.