ಹುಮನಾಬಾದಿನ ಕ್ರ್ಯಾಂಕು, ಕಲ್ಯಾಣದ ಶಾಸನ

ನನ್ನ ಪಿಎಚ್.ಡಿ. ವಿಷಯ ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳು. ಅರ್ಧ ಹೂತ ಕಲ್ಲಿನ ಮುಂದೆ ಕೂತು ಸವೆದ ಅಕ್ಷರಗಳನ್ನು ಬೆರಳಿನಿಂದ ತಡವಿ ಓದುವುದು ನನ್ನ ಕೆಲಸ. ಆದರೆ ನಾನು ಮೊದಲು ಓದಿದ ಬರಹ ಕಲ್ಲಿನ ಮೇಲಿರಲಿಲ್ಲ. ಹುಮನಾಬಾದಿನ ನನ್ನ ಕಾಕಾನ ವರ್ಕ್‌ಶಾಪಿನಲ್ಲಿ, ಜಿಡ್ಡು ಒರೆಸಿದ ಲಾರಿ ಎಂಜಿನ್ನಿನ ಮೇಲಿತ್ತು. ನಂಬರಿನ ಮೊದಲ ಮೂರು ಅಂಕಿ: 692.

"ಆರ್ ಸಿಲಿಂಡರ್, ತೊಂಬತ್ತೆರಡ್ ಬೋರ್. ನಂಬರ್ ಓದ್ಲಾಕ ಬಂತಂದ್ರ ಅರ್ಧ ಕೆಲಸ ಆದಂಗ ತಮ್ಮಾ" ಎಂದಿದ್ದರು ಕಾಕಾ.

ಅವರದು ಕ್ರ್ಯಾಂಕ್ ಗ್ರೈಂಡಿಂಗ್ ಕಸುಬು. ಹುಮನಾಬಾದಿನಲ್ಲಿ ಆ ಕಸುಬಿಗೆ ಕಾರಣ ಬೇಕಿಲ್ಲ. ಪುಣೆ-ಹೈದರಾಬಾದ್ ಹೆದ್ದಾರಿ ಇಲ್ಲೇ ಹಾಯುತ್ತದೆ, ಬೀದರ-ಕಲಬುರಗಿ ರಸ್ತೆ ಇಲ್ಲೇ ಅದನ್ನು ಕೂಡುತ್ತದೆ. ಅದೇ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೋದರೆ ಸಸ್ತಾಪುರ ಬಂಗ್ಲಾ, ಅಲ್ಲಿಂದ ಒಳಗೆ ಬಸವಕಲ್ಯಾಣ. ಹಳೆಯ ಲಾರಿಗಳನ್ನು ಬಿಚ್ಚಿ, ಬಿಡಿಭಾಗ ಮಾರಿ, ಹೊಸ ಬಾಡಿ ಕಟ್ಟುವ ಆಟೋ ನಗರ ಅಲ್ಲಿಯದು. ಹನ್ನೊಂದನೆಯ ಶತಮಾನದಲ್ಲಿ ಒಂದನೆಯ ಸೋಮೇಶ್ವರ ರಾಜಧಾನಿ ಮಾಡಿಕೊಂಡ ಊರು ಈಗ ಲಾರಿಯವರಿಗೆ ಬೇರೆಯದೇ ಕಾರಣಕ್ಕೆ ಗೊತ್ತು.

692ರ ಕಥೆ ಜರ್ಮನಿಯಿಂದ ಶುರುವಾಗುತ್ತದೆ. ಡೈಮ್ಲರ್-ಬೆಂಜ್ ಜೊತೆ ಟಾಟಾದವರು 1954ರಲ್ಲಿ ಮಾಡಿಕೊಂಡ ಒಪ್ಪಂದ 1969ರಲ್ಲಿ ಮುಗಿಯಿತು. ಆ ವಂಶದ ಎಂಜಿನ್ನುಗಳೇ ನಮ್ಮ ಹೆದ್ದಾರಿಯ ಲಾರಿಗಳಲ್ಲಿ ದಶಕಗಳ ಕಾಲ ದುಡಿದವು. 692ರಲ್ಲಿ ಸಿಲಿಂಡರಿನ ಅಗಲ 92 ಮಿ.ಮೀ., ಪಿಸ್ಟನ್ ಮೇಲೆ-ಕೆಳಗೆ ಓಡುವ ದೂರ, ಅಂದರೆ ಸ್ಟ್ರೋಕ್, 120 ಮಿ.ಮೀ. ಮುಂದೆ ಬಂದ 697ರಲ್ಲಿ ಬೋರ್ 97, ಸ್ಟ್ರೋಕ್ 128. ಕ್ರ್ಯಾಂಕಿನ ಪಿನ್ನು ನಡುಗೆರೆಯಿಂದ ಹೊರಗೆ ಸರಿದದ್ದು ನಾಲ್ಕೇ ಮಿಲಿಮೀಟರ್. ಮೇಲೆ ನಾಲ್ಕು, ಕೆಳಗೆ ನಾಲ್ಕು, ಒಟ್ಟು ಎಂಟು. ಬೋರ್, ಸ್ಟ್ರೋಕ್ ಎರಡೂ ಹಿಗ್ಗಿ ಎಂಜಿನ್ನಿನ ಗಾತ್ರ ಸುಮಾರು 4.8 ಲೀಟರಿನಿಂದ 5.7 ಲೀಟರಿಗೆ ಏರಿತು.

ಕಾರ್ಖಾನೆ ಮಾಡಿದ ಈ ಕೆಲಸವನ್ನೇ ಅಮೆರಿಕದ ಕಾರುಪ್ರೇಮಿಗಳು ತಮ್ಮ ಗ್ಯಾರೇಜಿನಲ್ಲಿ ಮಾಡಿದರು. ಅದಕ್ಕೆ ಅವರು ಇಟ್ಟ ಹೆಸರು 'ಸ್ಟ್ರೋಕರ್'. 1967ರ ಕಮಾರೋದಲ್ಲಿ ಬಂದ ಷೆವರ್ಲೆ 350 ಎಂಜಿನ್ನಿನ ಸ್ಟ್ರೋಕ್ 3.48 ಇಂಚು. 1970ರಲ್ಲಿ ಬಂದ 400ರದ್ದು 3.75. ಈ ದೊಡ್ಡ ಎಂಜಿನ್ನಿನ ಕ್ರ್ಯಾಂಕ್ ತಂದು, ಅದರ ದಪ್ಪ ಮೇನ್ ಜರ್ನಲ್‌ಗಳನ್ನು ಸಣ್ಣಗೆ ಮಾಡಿ, 350ರ ಬ್ಲಾಕನ್ನು ಸ್ವಲ್ಪ ಬೋರ್ ಮಾಡಿಸಿ ಕೂರಿಸಿದರೆ 383 ಘನ ಇಂಚಿನ ಎಂಜಿನ್ ಸಿದ್ಧ. ಹೊರಗೆ ಅದೇ ಬ್ಲಾಕು, ಒಳಗೆ ಬೇರೆ ಜೀವ. ಗುಜರಿಗೆ ಬಿದ್ದ ಕಾರಿನ ಕ್ರ್ಯಾಂಕೂ ಇದಕ್ಕೆ ಸಾಕಾಗುತ್ತಿತ್ತು.

ಇದನ್ನು ಓದಿದಾಗ ನನಗೆ ಕಾಕಾನ ಮಷೀನು ನೆನಪಾಯಿತು. ಸವೆದ ಕ್ರ್ಯಾಂಕ್ ಪಿನ್ನು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಅದನ್ನು ಕಾಲು ಮಿಲಿಮೀಟರ್ ತೆಗೆದು ಮತ್ತೆ ದುಂಡಗೆ ಮಾಡಬೇಕು. ತೆಗೆದಷ್ಟಕ್ಕೆ ದಪ್ಪನೆಯ ಬೇರಿಂಗ್ ಹಾಕಬೇಕು. ಹಾಗೆ ತೆಗೆಯುವಾಗ ಪಿನ್ನಿನ ಕೇಂದ್ರ ಕೂದಲೆಳೆಯಷ್ಟು ಸರಿದರೂ ಸ್ಟ್ರೋಕ್ ಬದಲಾಗುತ್ತದೆ, ಆರು ಪಿಸ್ಟನ್ ಒಂದೇ ಎತ್ತರಕ್ಕೆ ಬರುವುದಿಲ್ಲ. ಅಮೆರಿಕದವರು ಬೇಕೆಂದೇ ಕೇಂದ್ರ ಸರಿಸಿ ಗ್ರೈಂಡ್ ಮಾಡಿ ಸ್ಟ್ರೋಕ್ ಹೆಚ್ಚಿಸುವುದೂ ಉಂಟು. ಅಲ್ಲಿ ಜಾಣತನವಾದದ್ದು ಕಾಕಾನ ಕಣ್ಣಿಗೆ ತಪ್ಪು. ವೇಗದ ಹುಚ್ಚಿದ್ದವರು ಅಳತೆಯನ್ನು ಮೀರಿದರು. ತೊಗರಿ ಹೇರಿಕೊಂಡು ನಾಳೆಯೇ ಹೊರಡಬೇಕಾದ ಲಾರಿಗೆ ಕೆಲಸ ಮಾಡುತ್ತಿದ್ದವರು ಅಳತೆಯನ್ನು ಉಳಿಸಿದರು. ಎರಡಕ್ಕೂ ಬೇಕಾದದ್ದು ಅದೇ ಮಷೀನು, ಅದೇ ಕಣ್ಣು. ಮೊದಲನೆಯದಕ್ಕೆ ಪುಸ್ತಕಗಳಿವೆ, ಎರಡನೆಯದಕ್ಕೆ ಒಂದು ಪುಟವೂ ನನಗೆ ಸಿಗಲಿಲ್ಲ.

ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ನೆನೆದರೆ ಇದು ಇನ್ನೂ ಚುಚ್ಚುತ್ತದೆ. ಹಗ್ಗ ಹೊಸೆದವರು ನುಲಿಯ ಚಂದಯ್ಯ, ಬಿದಿರು ಸೀಳಿದವರು ಮೇದಾರ ಕೇತಯ್ಯ. ಕಾಯಕವೇ ಹೆಸರಾಗಿ ಉಳಿದ ಊರದು. ಅದೇ ನೆಲದಲ್ಲಿ ಎಂಜಿನ್ ಬಿಚ್ಚಿ ಕಟ್ಟಿದವರ ಹೆಸರು ಅಂಗಡಿ ಬೋರ್ಡಿನ ಜೊತೆಗೇ ಅಳಿಯುತ್ತಿದೆ.

ಅಳಿಯುವುದಕ್ಕೆ ಈಗ ವೇಗವೂ ಬಂದಿದೆ. 2020ರ ಏಪ್ರಿಲ್‌ನಿಂದ ಹೊಸ ಗಾಡಿಗಳಿಗೆ ಬಿಎಸ್-6 ಕಡ್ಡಾಯ. 2021ರ ಆಗಸ್ಟ್‌ನಲ್ಲಿ ಸ್ಕ್ರ್ಯಾಪ್ ನೀತಿ ಬಂತು. ಹೊಗೆ ಕಾರುವ ಲಾರಿ ರಸ್ತೆ ಬಿಡಲೇಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಒಂದು ಎಂಜಿನ್ ಕರಗುವಾಗ ಅದರ ನಂಬರೂ ಅದಕ್ಕೆ ಬಿದ್ದ ಪ್ರತಿ ರಿಪೇರಿಯ ಗುರುತೂ ಕರಗುತ್ತವೆ. ಕಲ್ಲಿನ ಶಾಸನಕ್ಕೆ ಅಚ್ಚು ತೆಗೆಯುವವರಿದ್ದಾರೆ, ಇದಕ್ಕೆ ಯಾರಿದ್ದಾರೆ?

ಇದನ್ನು ಕೇಳುವ ಹಕ್ಕು ನನಗೆ ಕಡಿಮೆ. ಕಾಕಾ ಒಂದು ಉದ್ದನೆಯ ವಹಿ ಇಟ್ಟಿದ್ದರು. ಲಾರಿ ನಂಬರು, ಆರೂ ಪಿನ್ನುಗಳ ಅಳತೆ, ತೆಗೆದದ್ದೆಷ್ಟು, ಬಾಕಿ ಎಷ್ಟು. ಅವರು ತೀರಿಕೊಂಡ ಮೇಲೆ ಅಂಗಡಿ ಖಾಲಿ ಮಾಡಿದವನು ನಾನೇ. ಜಿಡ್ಡು ಹಿಡಿದ ಆ ವಹಿಯನ್ನು ಹಳೆಯ ಪತ್ರಿಕೆಗಳ ಜೊತೆ ರದ್ದಿಗೆ ತೂಗಿಸಿದೆ. ಎಂ.ಎ. ಇತಿಹಾಸ ಮುಗಿಸಿ ಆಗಿನ್ನೂ ಮೂರು ತಿಂಗಳಾಗಿತ್ತು.

ಈಗ ಬಸವಕಲ್ಯಾಣಕ್ಕೆ ಹೋದಾಗ ಕೋಟೆ ನೋಡಿದ ಮೇಲೆ ಆಟೋ ನಗರಕ್ಕೂ ಹೋಗುತ್ತೇನೆ. ಬಿಚ್ಚಿಟ್ಟ ಎಂಜಿನ್ನುಗಳ ನಂಬರು ಬರೆದುಕೊಳ್ಳುತ್ತೇನೆ, ಹಿರಿಯ ಮಿಸ್ತ್ರಿಗಳ ಹತ್ತಿರ ಕೂತು ಅವರು ಕಲಿತದ್ದು ಯಾರ ಹತ್ತಿರ ಎಂದು ಕೇಳುತ್ತೇನೆ. ಪ್ರಬಂಧಕ್ಕೆ ಇದು ಸೇರುವುದಿಲ್ಲ. ಒಂದು ಉದ್ದನೆಯ ವಹಿ ಕೊಂಡಿದ್ದೇನೆ, ಅದರಲ್ಲಿ ಸೇರುತ್ತದೆ.