ಒಂದೇ ಜೀಪು, ಇಬ್ಬರು ಅಪರಿಚಿತರು

2016ರ ಅಕ್ಟೋಬರ್‌ನಲ್ಲಿ ‘ರಾಮಾ ರಾಮಾ ರೇ’ ಅಂತ ಒಂದು ಕನ್ನಡ ಸಿನಿಮಾ ಬಂತು. ಡಿ. ಸತ್ಯಪ್ರಕಾಶ್ ಅವರ ಮೊದಲ ಚಿತ್ರ. ಪೋಸ್ಟರಿನಲ್ಲಿ ದೊಡ್ಡ ಹೀರೋ ಇರಲಿಲ್ಲ. ನೋಡಿದವರು ಇನ್ನೊಬ್ಬರಿಗೆ ಹೇಳಿ, ಬಾಯಿಂದ ಬಾಯಿಗೆ ಹಬ್ಬಿ ಓಡಿದ ಚಿತ್ರ ಅದು.

ಕತೆ ಇಷ್ಟು. ಗಲ್ಲು ಶಿಕ್ಷೆಯಾದ ಕೈದಿಯೊಬ್ಬ ಜೈಲಿನಿಂದ ತಪ್ಪಿಸಿಕೊಂಡು ಓಡುತ್ತಾನೆ. ದಾರಿಯಲ್ಲಿ ಒಬ್ಬ ಮುದುಕನ ಜೀಪು ಹತ್ತುತ್ತಾನೆ. ಆ ಮುದುಕ, ಈ ಕೈದಿಯನ್ನೇ ನೇಣಿಗೆ ಹಾಕಲು ಕರೆ ಬಂದು ಹೊರಟವನು. ಮುಂದೆ ಮನೆ ಬಿಟ್ಟು ಓಡಿಬಂದ ಹುಡುಗ ಹುಡುಗಿಯೂ ಅದೇ ಜೀಪಿಗೆ ಬರುತ್ತಾರೆ. (ಕತೆ ಹೇಳಿಬಿಟ್ಟಿರಿ ಅಂತ ಬೈಯಬೇಡಿ. ಗೊತ್ತಿದ್ದೂ ನೋಡಬಹುದಾದ ಸಿನಿಮಾ ಇದು.)

ಕೈಯಲ್ಲಿ ದುಡ್ಡು ಕಡಿಮೆ ಇದ್ದಾಗ ಇಂಥ ಕತೆ ಅನುಕೂಲ. ಸೆಟ್ ಹಾಕುವ ಖರ್ಚಿಲ್ಲ, ಬಯಲು ಮತ್ತು ಬಿಸಿಲು ಪುಕ್ಕಟೆ. ಆದರೆ ಎಲ್ಲ ಭಾರವೂ ನಟರ ಮೇಲೆ ಬೀಳುತ್ತದೆ. ಮುದುಕನಾಗಿ ಕೆ. ಜಯರಾಂ, ಕೈದಿಯಾಗಿ ನಟರಾಜ್ ಆ ಭಾರ ಹೊತ್ತರು. ಜೊತೆಗಿದ್ದ ಇನ್ನಿಬ್ಬರ ಹೆಸರು ನಮ್ಮ ಕಡೆಯವರ ಕಿವಿಗೆ ಬೇಗ ಬೀಳುತ್ತದೆ: ಧರ್ಮಣ್ಣ ಕಡೂರು, ಬಿಂಬಶ್ರೀ ನೀನಾಸಂ. ಕಡೂರು ನಮ್ಮ ಬಿ.ಎಚ್. ರಸ್ತೆಯಲ್ಲೇ, ಶಿವಮೊಗ್ಗ, ಭದ್ರಾವತಿ, ತರೀಕೆರೆ ದಾಟಿದರೆ ಸಿಗುವ ಊರು. ನೀನಾಸಂ ಇರುವುದು ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ.

ಸಿನಿಮಾದಲ್ಲಿ ನಮ್ಮನ್ನು ಹಿಡಿದದ್ದು ಒಂದೇ ಸಂಗತಿ. ಜೀಪಿನಲ್ಲಿ ಕೂತವರಿಗೆ ಒಬ್ಬರ ಗುರುತು ಇನ್ನೊಬ್ಬರಿಗೆ ಇಲ್ಲ. ಇಲ್ಲದಿರುವ ತನಕ ಅವರು ಬರೀ ಮನುಷ್ಯರು. ನೀರು ಹಂಚಿಕೊಳ್ಳಬಹುದು, ಕಷ್ಟ ಸುಖ ಹೇಳಬಹುದು. ಗುರುತು ಸಿಕ್ಕ ಕೂಡಲೇ ಒಬ್ಬ ಕೈದಿ, ಇನ್ನೊಬ್ಬ ಅವನ ಕೊರಳಿಗೆ ಹಗ್ಗ ಹಾಕುವವನು.

ನಮ್ಮೂರ ಕಡೆ ಬಾಡಿಗೆ ಜೀಪು, ಶೇರ್ ಆಟೋ ಹತ್ತಿದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ಪ್ರಶ್ನೆ ‘ಯಾವೂರಾಯ್ತು?’ ಎರಡನೆಯದು ‘ಯಾರ ಮಗ?’ ಅಷ್ಟಕ್ಕೂ ತಿಳಿಯದಿದ್ದರೆ ದನಿ ಸ್ವಲ್ಪ ತಗ್ಗಿಸಿ ‘ಅಂದ್ರೆ ಯಾರ ಪೈಕಿ?’ ಕೇಳುವುದು ಅದೊಂದನ್ನೇ, ಜಾತಿ. ಓಡಿಬಂದ ಜೋಡಿಗಂತೂ ಈ ಮೂರನೇ ಪ್ರಶ್ನೆ ಜೀವಕ್ಕೇ ಬರಬಹುದು.

ದಾರಿಯಲ್ಲಿ ಜೊತೆಯಾದ ಅಪರಿಚಿತನ ಕತೆ ಶಿವಮೊಗ್ಗ ಜಿಲ್ಲೆಗೆ ಹೊಸದಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ 1932ರಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿ 1965ರಲ್ಲಿ ‘ಸಂಸ್ಕಾರ’ ಕಾದಂಬರಿ ತಂದರು. ಅಗ್ರಹಾರ, ಹೆಣ, ಪ್ಲೇಗು ಎಲ್ಲರಿಗೂ ನೆನಪಿರುತ್ತದೆ. ಕೊನೆಯ ಭಾಗವನ್ನು ಮಾತ್ರ ಹಲವರು ಮರೆಯುತ್ತಾರೆ. ಹೆಂಡತಿಯನ್ನು ಕಳೆದುಕೊಂಡ ಪ್ರಾಣೇಶಾಚಾರ್ಯರು ಸೂತಕದಲ್ಲೇ ಊರು ಬಿಟ್ಟು ನಡೆಯುತ್ತಾರೆ. ಮಾಲೇರ ಪುಟ್ಟ ಎಂಬ ಮಾತುಗಾರ ದಾರಿಯಲ್ಲಿ ಗಂಟುಬೀಳುತ್ತಾನೆ. ಬೇಡವೆಂದರೂ ಬಿಡುವುದಿಲ್ಲ. ಮೇಳಿಗೆ ತೇರಿಗೆ ಕರೆದುಕೊಂಡು ಹೋಗುತ್ತಾನೆ, ಕೋಳಿ ಅಂಕ ತೋರಿಸುತ್ತಾನೆ. ಪಕ್ಕದಲ್ಲಿ ನಡೆಯುವವರು ಎಂಥ ದೊಡ್ಡ ಪಂಡಿತರು ಅಂತ ಅವನಿಗೆ ತಿಳಿದಿಲ್ಲ. ಆಚಾರ್ಯರಿಗೋ, ದೇವಸ್ಥಾನದ ಊಟದ ಪಂಕ್ತಿಯಲ್ಲಿ ಯಾರಾದರೂ ಗುರುತು ಹಿಡಿದರೆ ಎಂಬ ನಡುಕ. ಕನ್ನಡದಲ್ಲಿ ರಸ್ತೆ ಸಿನಿಮಾದ ಬೇರು ಹುಡುಕುವುದಾದರೆ ನಾವು ಇಲ್ಲಿಂದಲೇ ಶುರು ಮಾಡುತ್ತೇವೆ. ಕಾರು ಇಲ್ಲ ಅಷ್ಟೇ.

ಈ ಕಾದಂಬರಿ 1970ರಲ್ಲಿ ಸಿನಿಮಾ ಆಯಿತು. ಪಟ್ಟಾಭಿರಾಮ ರೆಡ್ಡಿ ನಿರ್ದೇಶಕರು. ಆಚಾರ್ಯರಾಗಿ ಗಿರೀಶ್ ಕಾರ್ನಾಡ್, ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ಲಂಕೇಶರೂ ಶಿವಮೊಗ್ಗದ ಕೊನಗವಳ್ಳಿಯವರೇ. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಅದೂ ಸಣ್ಣ ದುಡ್ಡಿನ ಚಿತ್ರವೇ. ಸೆನ್ಸಾರ್ ಮೊದಲು ತಡೆಯಿತು, ಆಮೇಲೆ ಬಿಡುಗಡೆಯಾಗಿ ರಾಷ್ಟ್ರಪತಿಗಳ ಸ್ವರ್ಣ ಪದಕ ತಂತು. ಕನ್ನಡಕ್ಕೆ ಆ ಪದಕ ಅದೇ ಮೊದಲು.

ಸಿನಿಮಾ ಮಾಡುವವರ ಜೊತೆ ನೋಡುವವರೂ ತಯಾರಾಗಬೇಕಲ್ಲ. ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ ಆ ಕೆಲಸ ಮಾಡಿತು. 1970ರ ದಶಕದಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು ಅಡಿಕೆ ಬೆಳೆಗಾರರು, ಕೂಲಿಯವರು ಕೂತು ನೋಡುವಂತೆ ‘ಪಥೇರ್ ಪಾಂಚಾಲಿ’, ಜಪಾನಿನ ‘ರಾಶೋಮನ್’ ತೋರಿಸಿದರು. ಹಳ್ಳಿಯವರಿಗೆ ಇದೆಲ್ಲ ಅರ್ಥವಾಗಲ್ಲ ಎನ್ನುವವರ ಬಾಯಿ ಅಲ್ಲಿಗೆ ಮುಚ್ಚಿತು. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರು ಸುತ್ತುವ ತಿರುಗಾಟ ಬಂತು.

ಇನ್ನು ಭದ್ರಾವತಿ. ಹಳೆಯ ಹೆಸರು ಬೆಂಕಿಪುರ. ಇದು ಅಪರಿಚಿತರೇ ಸೇರಿ ದೊಡ್ಡದು ಮಾಡಿದ ಊರು. ವಿಶ್ವೇಶ್ವರಯ್ಯನವರ ಕಾಲದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರು ಮಾಡಿತು, 1930ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂತು. ಕನ್ನಡದವರ ಜೊತೆ ತಮಿಳರು, ತೆಲುಗರು, ಮಲಯಾಳಿಗಳು, ಉರ್ದು ಮಾತಾಡುವವರು ಬಂದು ಕ್ವಾರ್ಟರ್ಸ್ ಸೇರಿದರು. ಇಂಥ ಊರಿನ ಬಸ್ಸಿನಲ್ಲಿ ಪಕ್ಕದವನನ್ನು ‘ಯಾವ ಶಿಫ್ಟು?’ ಅಂತ ಕೇಳಿದರೆ ಮಾತು ಶುರುವಾಗುತ್ತದೆ. ಜಾತಿ ಅಲ್ಲಿ ಸತ್ತುಹೋಗಿತ್ತು ಅಂತ ನಾವು ಹೇಳುತ್ತಿಲ್ಲ. ಕೇಳಲು ಇನ್ನೊಂದು ಪ್ರಶ್ನೆ ಇತ್ತು, ಅಷ್ಟೇ.

ಕಾಗದದ ಕಾರ್ಖಾನೆ 2015ರಲ್ಲಿ ನಿಂತಿತು. ಕಬ್ಬಿಣದ ಕಾರ್ಖಾನೆ ಮುಚ್ಚುತ್ತೇವೆ ಅಂತ 2023ರ ಆರಂಭದಲ್ಲಿ ಘೋಷಣೆ ಬಂತು, ಕಾರ್ಮಿಕರು ಗೇಟಿನ ಮುಂದೆ ಕೂತರು. ಶಿಫ್ಟಿನ ಪ್ರಶ್ನೆ ಕೇಳುವವರು ಕಡಿಮೆಯಾಗಿದ್ದಾರೆ. ಶಿವಮೊಗ್ಗದಿಂದ ಭದ್ರಾವತಿಗೆ ಸುಮಾರು 20 ಕಿಲೋಮೀಟರ್. ಆ ದಾರಿಯಲ್ಲಿ ಪಕ್ಕದ ಸೀಟಿನವರು ನಿಮ್ಮನ್ನು ಮೊದಲು ಏನು ಕೇಳಿದರು, ನೀವು ಏನು ಹೇಳಿದಿರಿ? ನಮಗೆ ಬರೆದು ಕಳಿಸಿ. ಹೆಸರು ಹಾಕಲೇಬೇಕು ಅಂತಿಲ್ಲ.